ಹಾಡುವವರ ಮುಖ, ನಾಡಿನ ಮುಖ

(ಪುತ್ತೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಇವತ್ತಿನ ಮಾತಿಗೆ ಸಂಗೀತಗಾರರ ಭಾವಚಿತ್ರಗಳನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ಹಾಡುವವರನ್ನು, ನುಡಿಸುವವರನ್ನು ಒಂದು ಜನಾಂಗ ಹೇಗೆ ಚಿತ್ರಿಸಿಕೊಂಡಿತು, ಆ ಚಿತ್ರಗಳಲ್ಲಿ ತನ್ನನ್ನು ತಾನು ಹೇಗೆ ಕಂಡುಕೊಂಡಿತು ಎಂಬುದು ನನ್ನ ಪ್ರಶ್ನೆ. ರಾಜರ ಚಿತ್ರ ಇರುವುದು ಅಧಿಕಾರವನ್ನು ತೋರಿಸಲಿಕ್ಕೆ. ದೇವರ ಚಿತ್ರ ಇರುವುದು ಪೂಜೆಗೆ. ಸಂಗೀತಗಾರನ ಚಿತ್ರಕ್ಕೆ ಈ ಎರಡು ಆಸರೆಯೂ ಇಲ್ಲ. ಅವನ ಕೆಲಸ ಕಿವಿಗೆ ಸೇರಿದ್ದು, ಕಣ್ಣಿಗೆ ಅದು ಕಾಣಿಸುವುದಿಲ್ಲ. ಹಾಗಿದ್ದೂ ಜನ ಅವನ ಮುಖವನ್ನು ಗೋಡೆಯ ಮೇಲೆ ತೂಗುಹಾಕುತ್ತಾರೆಂದರೆ, ಆ ಮುಖದಲ್ಲಿ ತಮಗೆ ಸೇರಿದ ಏನನ್ನೋ ಗುರುತಿಸಿದ್ದಾರೆ ಎಂದರ್ಥ. ಏನನ್ನು ಗುರುತಿಸಿದರು, ಯಾರನ್ನು ಬಿಟ್ಟರು ಎಂದು ನೋಡುತ್ತ ಹೋದರೆ ಪುತ್ತೂರು, ಸುಳ್ಯ, ಕಡಬ ಎಂಬ ನಮ್ಮ ಈ ಮೂರು ತಾಲೂಕುಗಳಿಗೆ ಸೇರಿದ ಒಂದು ಕೆಲಸ ಬಾಕಿ ಉಳಿದಿರುವುದು ಕಾಣುತ್ತದೆ. ಆ ಕೆಲಸವನ್ನು ನಿಮ್ಮ ಮುಂದೆ ಇಡುವುದಕ್ಕಾಗಿಯೇ ಬಂದಿದ್ದೇನೆ. ಅಲ್ಲಿಗೆ ತಲುಪಲು ಸ್ವಲ್ಪ ಸುತ್ತು ಹಾದಿ ಹಿಡಿಯುತ್ತೇನೆ.

1. ರಾಜ್ಯವಿಲ್ಲದವರ ಚಿತ್ರಗಳು

ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ 19ನೆಯ ಶತಮಾನದ ಪೋಲೆಂಡ್. 1772, 1793 ಮತ್ತು 1795ರ ಮೂರು ಹಂತಗಳಲ್ಲಿ ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾಗಳು ಆ ದೇಶವನ್ನು ತಮ್ಮೊಳಗೆ ಹಂಚಿಕೊಂಡವು. ಅಲ್ಲಿಂದ 1918ರವರೆಗೆ, 123 ವರ್ಷ, ಭೂಪಟದಲ್ಲಿ ಸ್ವತಂತ್ರ ಪೋಲೆಂಡ್ ಇರಲಿಲ್ಲ. ಭಾಷೆ ಇತ್ತು, ಹಾಡು ಇತ್ತು, ನೆನಪು ಇತ್ತು.

ಫ್ರೆಡೆರಿಕ್ ಶೋಪಾನ್ ಹುಟ್ಟಿದ್ದು ಈ ಕಾಲದಲ್ಲಿ, 1810ರಲ್ಲಿ, ವಾರ್ಸಾ ಬಳಿಯ ಹಳ್ಳಿಯೊಂದರಲ್ಲಿ. ತಂದೆ ಫ್ರಾನ್ಸಿನ ಲೊರೇನ್ ಪ್ರಾಂತದಿಂದ ಬಂದು ನೆಲೆಸಿದವರು, ತಾಯಿ ಪೋಲಿಷ್. 1830ರ ನವೆಂಬರ್ ತಿಂಗಳ ಆರಂಭದಲ್ಲಿ ಶೋಪಾನ್ ವಾರ್ಸಾ ಬಿಟ್ಟ. ಆ ತಿಂಗಳ ಕೊನೆಗೆ ಅಲ್ಲಿ ರಷ್ಯಾದ ಆಡಳಿತದ ವಿರುದ್ಧ ದಂಗೆ ಎದ್ದಿತು. ದಂಗೆ ಮುರಿಯಿತು, ಸಾವಿರಾರು ಮಂದಿ ದೇಶ ಬಿಟ್ಟು ಪ್ಯಾರಿಸ್ ಸೇರಿದರು. ಶೋಪಾನ್ ಮತ್ತೆ ತಾಯ್ನಾಡಿಗೆ ಮರಳಲಿಲ್ಲ. 1849ರಲ್ಲಿ ಪ್ಯಾರಿಸಿನಲ್ಲೇ ತೀರಿಕೊಂಡ.

ಅವನ ಚಿತ್ರಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿ. 1829ರಲ್ಲಿ ಅಂಬ್ರೋಜಿ ಮಿಯೆರೊಶೆವ್ಸ್ಕಿ ಎಂಬ ಕಲಾವಿದ ಶೋಪಾನ್ ಕುಟುಂಬದವರನ್ನೆಲ್ಲ ಒಬ್ಬೊಬ್ಬರಾಗಿ ಚಿತ್ರಿಸಿದ. ಅದು ಮನೆಯ ಚಾವಡಿಗೆಂದು ಬರೆಸಿಕೊಂಡ ಚಿತ್ರ, ಮಗನೊಬ್ಬನ ಮುಖ. 1838ರಲ್ಲಿ ಫ್ರಾನ್ಸಿನ ಮಹಾನ್ ಕಲಾವಿದ ಯೂಜೀನ್ ದೆಲಾಕ್ರುವಾ ತನ್ನ ಗೆಳೆಯನನ್ನು ಪಿಯಾನೊ ಮುಂದೆ ಕೂರಿಸಿ, ಪಕ್ಕದಲ್ಲಿ ಕೇಳುತ್ತಿರುವ ಲೇಖಕಿ ಜಾರ್ಜ್ ಸ್ಯಾಂಡ್ ಜೊತೆಗೆ ಬರೆಯತೊಡಗಿದ. ಚಿತ್ರ ಪೂರ್ತಿಯಾಗಲಿಲ್ಲ. ಕಲಾವಿದ ಸತ್ತ ಮೇಲೆ ಯಾರೋ ಅದನ್ನು ಕತ್ತರಿಸಿದರು. ಇವತ್ತು ಶೋಪಾನ್ ಮುಖ ಪ್ಯಾರಿಸಿನ ಲೂವ್ರ್‌ನಲ್ಲಿದೆ, ಸ್ಯಾಂಡ್ ಮುಖ ಕೋಪನ್‌ಹೇಗನ್ ಬಳಿಯ ಸಂಗ್ರಹಾಲಯದಲ್ಲಿದೆ. ಪಿಯಾನೊ ಕಾಣುವುದೇ ಇಲ್ಲ. ಆದರೂ ಆ ಗಂಟಿಕ್ಕಿದ ಹುಬ್ಬು, ಎತ್ತಲೋ ನೆಟ್ಟ ಕಣ್ಣು ನೋಡಿದರೆ ಮನುಷ್ಯ ನುಡಿಸುತ್ತಿದ್ದಾನೆ ಎಂದು ತಿಳಿಯುತ್ತದೆ. ಇದು ಗೆಳೆಯನೊಬ್ಬ ಕಂಡ ಮುಖ.

ಅವನ ಸಾವಿನ ನಂತರ ಚಿತ್ರಗಳ ಸ್ವರೂಪವೇ ಬದಲಾಯಿತು. 1830ರ ದಂಗೆಯಲ್ಲಿ ಪಾಲ್ಗೊಂಡು ದೇಶ ಬಿಟ್ಟಿದ್ದ ತಿಯೊಫಿಲ್ ಕ್ವ್ಯಾತ್ಕೊವ್ಸ್ಕಿ, ಶೋಪಾನನನ್ನು ಮರಣಶಯ್ಯೆಯಲ್ಲಿ ಚಿತ್ರಿಸಿದವನು. ಮುಂದೆ ಹತ್ತು ವರ್ಷಕ್ಕೂ ಮಿಕ್ಕಿ ಅವನು ಒಂದೇ ಕಲ್ಪನೆಯನ್ನು ಬೆನ್ನುಹತ್ತಿದ: ಪ್ಯಾರಿಸಿನ ಪೋಲಿಷ್ ನಿರಾಶ್ರಿತರ ರಾಜಕೀಯ ಕೇಂದ್ರವಾಗಿದ್ದ ಲಾಂಬೇರ್ ಭವನ, ಅಲ್ಲಿ ಪಿಯಾನೊ ನುಡಿಸುವ ಶೋಪಾನ್, ಆ ನಾದಕ್ಕೆ ಎದ್ದು ಬಂದಂತೆ ಕುಣಿಯುತ್ತಿರುವ ಹಳೆಯ ಪೋಲೆಂಡಿನ ವೀರರು. ಬೆನ್ನಿಗೆ ರೆಕ್ಕೆ ಕಟ್ಟಿಕೊಂಡ ಕುದುರೆ ಸವಾರರೂ ಅಲ್ಲಿದ್ದಾರೆ. ಕಳೆದುಹೋದ ರಾಜ್ಯ ಸಂಗೀತದಲ್ಲಿ ಮತ್ತೆ ಸಭೆ ಸೇರಿದೆ. 1887ರಲ್ಲಿ ಹೆನ್ರಿಕ್ ಶೆಮಿರಾಡ್ಸ್ಕಿ ಬರೆದ ದೊಡ್ಡ ಚಿತ್ರದಲ್ಲಿ ತರುಣ ಶೋಪಾನ್ ಬರ್ಲಿನ್ನಿನಲ್ಲಿ ರಾಜಕುಮಾರ ರಾಜಿವಿಲ್‌ನ ದಿವಾನಖಾನೆಯಲ್ಲಿ ನುಡಿಸುತ್ತಿದ್ದಾನೆ, ಗಣ್ಯರೆಲ್ಲ ಮೈಮರೆತು ಕೇಳುತ್ತಿದ್ದಾರೆ. ಇದರ ಅಚ್ಚುಪ್ರತಿಗಳು ಹರಡಿ ಸಾಮಾನ್ಯರ ಮನೆ ಸೇರಿದವು. ಮಗನಾಗಿ, ಗೆಳೆಯನಾಗಿ ಇದ್ದ ಮುಖ ಈಗ ನಾಡಿನ ಮುಖವಾಗಿತ್ತು.

ಆ ಮುಖದ ಬಲ ಎಷ್ಟೆಂದು ವೈರಿಗಳಿಗೂ ಗೊತ್ತಿತ್ತು. ವಾರ್ಸಾದ ಉದ್ಯಾನದಲ್ಲಿ 1926ರಲ್ಲಿ ಅನಾವರಣಗೊಂಡ ಶೋಪಾನ್ ಪ್ರತಿಮೆಯನ್ನು ನಾಜಿಗಳು 1940ರ ಮೇ ತಿಂಗಳಲ್ಲಿ ಸ್ಫೋಟಿಸಿ ಕೆಡವಿದರು. 1958ರಲ್ಲಿ ಪೋಲೆಂಡಿನ ಜನ ಅದನ್ನು ಮತ್ತೆ ನಿಲ್ಲಿಸಿದರು. ಮಿಯೆರೊಶೆವ್ಸ್ಕಿ ಬರೆದ ಆ ಮನೆಯ ಚಿತ್ರಗಳು ಮಾತ್ರ 1939ರ ಯುದ್ಧದಲ್ಲಿ ನಾಶವಾದವು. ಅವುಗಳ ಛಾಯಾಚಿತ್ರ ತೆಗೆದಿಟ್ಟಿದ್ದರಿಂದ ಹತ್ತೊಂಬತ್ತರ ಹರೆಯದ ಶೋಪಾನ್ ಇವತ್ತಿಗೂ ನಮಗೆ ಕಾಣಸಿಗುತ್ತಾನೆ.

ಪೋಲೆಂಡಿನ ಇನ್ನೊಬ್ಬ ಸಂಗೀತಗಾರನನ್ನೂ ಇಲ್ಲಿ ನೆನೆಯಬೇಕು. ಅವನು ಕಾವ್ಯದಲ್ಲಿ ಹುಟ್ಟಿದವನು. ಆದಂ ಮಿತ್ಸ್ಕಿಯೇವಿಚ್ 1834ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ ಮಹಾಕಾವ್ಯದ ಕೊನೆಯಲ್ಲಿ ಯಾಂಕಿಯೆಲ್ ಎಂಬ ಯಹೂದಿ ಹೋಟೆಲಿನವನು ತಂತಿವಾದ್ಯ ನುಡಿಸುತ್ತಾನೆ. ನಾಡಿನ ಇತಿಹಾಸವೆಲ್ಲ ಅವನ ನಾದದಲ್ಲಿ ಮೂಡುತ್ತದೆ. ಚಿತ್ರಕಾರರು ಅವನನ್ನು ಮತ್ತೆ ಮತ್ತೆ ಬರೆದರು. ತನ್ನ ಹೃದಯದ ಹಾಡನ್ನು ನುಡಿಸಲು ಆ ನಾಡು ಒಬ್ಬ ಯಹೂದಿಯನ್ನು ಆರಿಸಿತು, ಇದು ದೊಡ್ಡ ಮಾತು. ಆದರೆ ನೂರೇ ವರ್ಷ ಕಳೆದ ಮೇಲೆ ಜರ್ಮನ್ ಆಕ್ರಮಣದಲ್ಲಿ ಆ ನೆಲದ ಯಹೂದಿ ಸಮುದಾಯವೇ ಹೆಚ್ಚುಕಡಿಮೆ ಇಲ್ಲವಾಯಿತು. ಚಿತ್ರದಲ್ಲಿ ಸಿಕ್ಕಿದ ಜಾಗ ಯಾರ ಜೀವವನ್ನೂ ಕಾಯುವುದಿಲ್ಲ. ಇದನ್ನು ಮರೆಯದೆ ಮುಂದೆ ಹೋಗೋಣ.

2. ಮೈಸೂರಿನ ಗೋಡೆಗಳ ಮೇಲೆ

ಶೆಮಿರಾಡ್ಸ್ಕಿಯ ಚಿತ್ರ ಬಂದ ಎರಡೇ ವರ್ಷಕ್ಕೆ, 1889ರ ಸುಮಾರಿಗೆ, ರಾಜಾ ರವಿವರ್ಮ ಮೈಸೂರು ಮಹಾರಾಜರಿಗಾಗಿ ಒಂದು ತೈಲಚಿತ್ರ ಬರೆದರು. ಇವತ್ತಿಗೂ ಅದು ಜಗನ್ಮೋಹನ ಅರಮನೆಯಲ್ಲಿದೆ. ಹನ್ನೊಂದು ಮಂದಿ ಹೆಂಗಸರು ಒಟ್ಟು ಸೇರಿದ್ದಾರೆ. ಕೇರಳದ ನಾಯರ್ ಹೆಣ್ಣುಮಗಳು ವೀಣೆ ಹಿಡಿದಿದ್ದಾಳೆ. ಮರಾಠಿ ಸೀರೆಯವಳು, ಮುಸ್ಲಿಂ ಉಡುಗೆಯವಳು, ಪಾರ್ಸಿಯವಳು, ಯುರೋಪಿನ ಟೋಪಿ ಧರಿಸಿದವಳು ಎಲ್ಲರೂ ಇದ್ದಾರೆ. ಕಾಂಗ್ರೆಸ್ ಹುಟ್ಟಿ ಆಗಿನ್ನೂ ನಾಲ್ಕು ವರ್ಷ. ಭಾರತ ಎಂದರೆ ಯಾರು ಯಾರು ಎಂಬ ಪ್ರಶ್ನೆಗೆ ಒಬ್ಬ ಕಲಾವಿದ ಸಂಗೀತಗೋಷ್ಠಿಯ ರೂಪದಲ್ಲಿ ಉತ್ತರ ಬರೆದಿದ್ದ. ಉಡುಪು ಬೇರೆ, ವಾದ್ಯ ಬೇರೆ, ಕೂಟ ಒಂದೇ.

ಆ ಉತ್ತರದ ಸೊಗಸನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದರಲ್ಲಿ ಇಲ್ಲದ್ದನ್ನೂ ಹೇಳಬೇಕು. ಆ ಹನ್ನೊಂದು ಮಂದಿಗೆ ಹೆಸರಿಲ್ಲ. ಅವರು ಪ್ರಾಂತಗಳ ಪ್ರತಿನಿಧಿಗಳು, ವ್ಯಕ್ತಿಗಳಲ್ಲ. ಅದೇ ಕಾಲಕ್ಕೆ ದಕ್ಷಿಣದಲ್ಲಿ ನಿಜವಾಗಿ ಹಾಡುತ್ತಿದ್ದ, ವೀಣೆ ನುಡಿಸುತ್ತಿದ್ದ ಹೆಂಗಸರು ಬಹುಪಾಲು ದೇವದಾಸಿ ಮನೆತನದವರು. ಅವರ ಹೆಸರು ಬರೆದಿಟ್ಟ ಭಾವಚಿತ್ರಗಳು ಅರಮನೆಯ ಗೋಡೆ ಏರಿದ್ದು ಅಪರೂಪ. ನಾಡು ಸಂಗೀತವನ್ನು ಹೆಣ್ಣಿನ ರೂಪದಲ್ಲಿ ಪೂಜಿಸಿತು. ಹಾಡಿದ ಹೆಣ್ಣಿನ ಗುರುತನ್ನು ಮಾತ್ರ ಉಳಿಸಿಕೊಳ್ಳಲಿಲ್ಲ.

ಹೆಸರಿನೊಂದಿಗೆ ಉಳಿದವರು ಆಸ್ಥಾನ ವಿದ್ವಾಂಸರು. ಅವರಲ್ಲಿ ಎತ್ತರದ ವ್ಯಕ್ತಿ ವೀಣೆ ಶೇಷಣ್ಣ, 1852ರಿಂದ 1926ರವರೆಗೆ ಬಾಳಿದವರು, ‘ವೈಣಿಕ ಶಿಖಾಮಣಿ’ ಎಂಬ ಬಿರುದು ಪಡೆದವರು. 1911ರ ದಿಲ್ಲಿ ದರ್ಬಾರಿನ ಹೊತ್ತಿಗೆ ಅವರ ವೀಣೆ ಕೇಳಿದ ಐದನೇ ಜಾರ್ಜ್ ದೊರೆ ಅವರ ಭಾವಚಿತ್ರವನ್ನು ತನ್ನ ಅರಮನೆಗೆ ತರಿಸಿಕೊಂಡನೆಂದು ಮೈಸೂರಿನ ಸಂಗೀತವಲಯದಲ್ಲಿ ಹೇಳುತ್ತ ಬಂದಿದ್ದಾರೆ. ಇನ್ನೊಂದು ಕತೆಯೂ ಪ್ರಚಲಿತ. ಬರೋಡೆಯ ಮಹಾರಾಜರು ಶೇಷಣ್ಣನವರಿಗೆ ಪಲ್ಲಕ್ಕಿಯ ಗೌರವ ಕೊಟ್ಟರಂತೆ. ಮೈಸೂರಿಗೆ ಬಂದ ಮೇಲೆ ಅದರಲ್ಲಿ ಮೆರವಣಿಗೆ ಹೋಗಬೇಕೆಂದು ಅರಮನೆಯವರು ಹೇಳಿದಾಗ, ಅವರು ಪಲ್ಲಕ್ಕಿಯಲ್ಲಿ ವೀಣೆಯನ್ನಿಟ್ಟು ತಾವು ಪಕ್ಕದಲ್ಲಿ ನಡೆದರಂತೆ. ಮೊದಲ ಕತೆಯಲ್ಲಿ ಸಂಗೀತಗಾರನ ಮುಖಕ್ಕೆ ಬೆಲೆ ಕಟ್ಟಿದವನು ದೊರೆ. ಎರಡನೆಯದರಲ್ಲಿ ಸಂಗೀತಗಾರ ತಾನೇ ಆ ಬೆಲೆ ಯಾವುದಕ್ಕೆ ಸಲ್ಲಬೇಕೆಂದು ತೋರಿಸಿದ್ದಾನೆ. ಎರಡನ್ನೂ ಜನ ಇಷ್ಟು ಕಾಲ ನೆನಪಿಟ್ಟುಕೊಂಡರು. ನಾಡಿನ ಆತ್ಮಗೌರವ ಯಾರಲ್ಲಿ ನೆಲೆಸಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಈ ಶೇಷಣ್ಣನವರ ಶಿಷ್ಯರಾಗಿ ವೀಣೆ ಕಲಿತವರು ಕೆ. ವೆಂಕಟಪ್ಪ, ಕರ್ನಾಟಕದ ಆಧುನಿಕ ಚಿತ್ರಕಲೆಯ ಮೊದಲ ದೊಡ್ಡ ಹೆಸರು. ಮೈಸೂರಿನ ಚಿತ್ರಗಾರ ಮನೆತನದವರು. ಮಹಾರಾಜರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ರವಿವರ್ಮನ ತೈಲವರ್ಣದ ದಾರಿ ಬಿಟ್ಟು ಭಾರತೀಯವಾದ ಕುಂಚವನ್ನು ಹುಡುಕಿದ ಗುಂಪು ಅದು. ಅಲ್ಲಿ ಹೆಸರು ಮಾಡಿ ಊರಿಗೆ ಮರಳಿದ ವೆಂಕಟಪ್ಪನವರನ್ನು ವೀಣೆ ಹಿಡಿಯಿತು. ಎಷ್ಟರಮಟ್ಟಿಗೆ ಹಿಡಿಯಿತೆಂದರೆ ಆ ಗೀಳನ್ನೇ ವಿಷಯವಾಗಿಸಿ ಅವರು 1920ರ ದಶಕದಲ್ಲಿ ಒಂದು ಚಿತ್ರ ಬರೆದರು. ‘ವೀಣೆಯ ಹುಚ್ಚು’ ಎಂದು ಅದು ಪ್ರಸಿದ್ಧ. ಹೊರಗೆ ನಿಂತ ಕಲಾವಿದ ಸಂಗೀತಗಾರನನ್ನು ನೋಡಿ ಬರೆಯುವುದು ಎಲ್ಲ ಕಡೆ ಇದೆ. ಇಲ್ಲಿ ನೋಡುವ ಕಣ್ಣು, ನುಡಿಸುವ ಕೈ ಒಬ್ಬರದೇ. ಕನ್ನಡನಾಡಿನ ಸಂಗೀತದ ಭಾವಚಿತ್ರಗಳಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ ಎಂದು ನಾನು ತಿಳಿದಿದ್ದೇನೆ. ಬಿರುದು, ಪದಕ, ಆಸ್ಥಾನ ಯಾವುದಕ್ಕೂ ಅಲ್ಲಿ ಕೆಲಸವಿಲ್ಲ. ನಾದಕ್ಕೆ ಸೋತ ಮನುಷ್ಯನಷ್ಟೇ ವಿಷಯ.

3. ಯಾರೂ ಕಾಣದ ಮುಖ

ಕನ್ನಡನಾಡೂ ಒಂದು ಕಾಲಕ್ಕೆ ಹಂಚಿಹೋಗಿತ್ತು. ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಹೈದರಾಬಾದ್ ಸಂಸ್ಥಾನ, ಕೊಡಗು, ಚಿಕ್ಕಪುಟ್ಟ ಸಂಸ್ಥಾನಗಳು. ನಾವು ಮದರಾಸಿನವರು. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಈ ಸ್ಥಿತಿ 1956ರ ನವೆಂಬರ್ 1ರವರೆಗೆ. ಪೋಲೆಂಡಿನ ಕಷ್ಟಕ್ಕೆ ನಮ್ಮದು ಸಮ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಭಾಷೆಯ ಜನ ಬೇರೆ ಬೇರೆ ಕಚೇರಿಗಳ ಕೆಳಗಿದ್ದಾಗ ಅವರನ್ನು ಒಟ್ಟು ಹಿಡಿಯಲು ಹಾಡೇ ಬೇಕಾಯಿತು ಎಂಬ ಮಟ್ಟಿಗೆ ಹೋಲಿಕೆ ಇದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ಏಕೀಕರಣ ಗೀತೆ ಮೊಳಗಿತು. ಅದೇ ಅಧಿವೇಶನದಲ್ಲಿ ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್ ಮುಂದೆ ಹಿಂದೂಸ್ತಾನಿ ಸಂಗೀತದ ಶಿಖರವಾದರು.

ಎಲ್ಲ ಕನ್ನಡಿಗರಿಗೂ ಸೇರಿದ ಸಂಗೀತಗಾರನ ಮುಖ ಯಾವುದು ಎಂದು ಹುಡುಕಿದಾಗ ಸಿಕ್ಕಿದವರು ಪುರಂದರದಾಸರು. ಅವರು ತೀರಿಕೊಂಡದ್ದು 1564ರಲ್ಲಿ. ಅವರ ಕಾಲದ ಭಾವಚಿತ್ರವೆಂದು ನಾಡಿನ ಮನೆಮನೆಯಲ್ಲಿ ನಾವು ಯಾವುದನ್ನೂ ಇಟ್ಟುಕೊಂಡಿಲ್ಲ. ಇರುವುದು ನಂತರದವರ ಭಕ್ತಿ ಕಟ್ಟಿಕೊಟ್ಟ ಮುಖ: ಹಣೆಯಲ್ಲಿ ನಾಮ, ಕೈಯಲ್ಲಿ ತಂಬೂರಿ ಮತ್ತು ಚಿಪ್ಪಳಿ, ಕಾಲಿಗೆ ಗೆಜ್ಜೆ. ಇಷ್ಟು ಲಕ್ಷಣ ಬರೆದರೆ ಯಾವ ಮೂಗು, ಯಾವ ಕಣ್ಣು ಬರೆದರೂ ಜನ ದಾಸರೆಂದು ಗುರುತಿಸುತ್ತಾರೆ. 1964ರಲ್ಲಿ, ನಾನೂರನೆಯ ಪುಣ್ಯವರ್ಷದಲ್ಲಿ, ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಅದೇ ವರ್ಷ ಬಂದ ‘ನವಕೋಟಿ ನಾರಾಯಣ’ ಚಲನಚಿತ್ರದಲ್ಲಿ ರಾಜಕುಮಾರ್ ದಾಸರಾದರು. ಒಂದು ತಲೆಮಾರಿನ ಕನ್ನಡಿಗರಿಗೆ ಪುರಂದರದಾಸರ ಮುಖವೆಂದರೆ ಆ ಮುಖವೇ ಆಯಿತು.

ಆ ಮುಖದಲ್ಲಿ ಕನ್ನಡಿಗರು ಕಂಡದ್ದು ನನಗೆ ಮುಖ್ಯ. ಆಸ್ಥಾನದ ಹಂಗಿಲ್ಲದೆ, ಬೀದಿಯಲ್ಲಿ ನಿಂತು ತನ್ನ ಮಾತಿನಲ್ಲಿ ಹಾಡಿದ ಮನುಷ್ಯ ಅವರು. ಸಂಪತ್ತನ್ನು ಬಿಟ್ಟು ಬಂದವರು. ತಮಿಳುನಾಡಿನಲ್ಲೂ ಆಂಧ್ರದಲ್ಲೂ ಪಾಠ ಆರಂಭಿಸುವ ಮಗು ಅವರ ಸ್ವರಾವಳಿಯಿಂದಲೇ ಆರಂಭಿಸುತ್ತದೆ. ಉಪ್ಪಿನಂಗಡಿ ಬಳಿಯ ಕಾಂಚನದಲ್ಲಿ ನಡೆದುಬಂದಂಥ ಸಂಗೀತ ಶಾಲೆಗಳ ನೆರಳಿನಲ್ಲಿ ಬೆಳೆದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ತ್ಯಾಗರಾಜರ ಪಟದ ಪಕ್ಕದಲ್ಲಿ ದಾಸರ ಪಟ ಇರುವಾಗ, ನಮ್ಮ ಭಾಷೆಯೂ ಈ ವಿದ್ಯೆಯ ಬುಡದಲ್ಲಿದೆ ಎಂಬ ತೃಪ್ತಿ ಕನ್ನಡದ ಮಗುವಿಗೆ ಸಿಗುತ್ತದೆ.

4. ಮೊದಲನೆಯ ವೇಷ

ಈಗ ನಮ್ಮ ಊರಿಗೆ ಬರುತ್ತೇನೆ.

ಈ ಮೂರು ತಾಲೂಕುಗಳಲ್ಲಿ ಮನೆಯೊಳಗೆ ಆಡುವ ಮಾತು ಹಲವು. ತುಳು ಎಲ್ಲ ಕಡೆ. ಸುಳ್ಯದ ಗೌಡರ ಮನೆಗಳಲ್ಲಿ ಅರೆಭಾಷೆ, ಹವ್ಯಕರಲ್ಲಿ ಅವರ ಕನ್ನಡ, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ. ಗದ್ದೆಯಲ್ಲಿ, ಸಂತೆಯಲ್ಲಿ, ದೈವದ ಮುಂದೆ ತುಳು. ಮದರಾಸಿನ ಆಡಳಿತ ಇದ್ದ ಕಾಲದಲ್ಲಿ ಶಾಲೆಗೆ ಹೋಗದ ಸಾವಿರಾರು ಜನರಿಗೆ ಕನ್ನಡ ತಲುಪಿದ್ದು ಎಲ್ಲಿಂದ? ಗದ್ದೆ ಕೊಯ್ದ ಮೇಲೆ ಹಾಕಿದ ಯಕ್ಷಗಾನದ ರಂಗಸ್ಥಳದಿಂದ, ಮಳೆಗಾಲದ ತಾಳಮದ್ದಳೆಯ ಕೂಟದಿಂದ. ಇಡೀ ರಾತ್ರಿ ಕನ್ನಡದಲ್ಲಿ ಹಾಡಿ, ರಾಮನನ್ನೂ ಕರ್ಣನನ್ನೂ ಮನೆಯವರನ್ನಾಗಿ ಮಾಡಿದವರು ಭಾಗವತರು. ಮನೆಯಲ್ಲಿ ಕನ್ನಡ ಆಡದವನೂ ಬೆಳಗಿನ ಹೊತ್ತಿಗೆ ಪದವನ್ನು ಗುನುಗಿಕೊಂಡು ಮನೆಗೆ ಹೋದ. ಕನ್ನಡನಾಡಿಗೆ ಈ ಭಾಗವನ್ನು ಕಟ್ಟಿದ್ದು ಕಚೇರಿಯ ಆದೇಶಕ್ಕಿಂತ ಮೊದಲು ಭಾಗವತರ ಕಂಠ. ಪೋಲೆಂಡಿಗೆ ಪಿಯಾನೊ ಏನಾಗಿತ್ತೋ ನಮಗೆ ಜಾಗಟೆ, ಚೆಂಡೆ, ಮದ್ದಳೆ ಅದಾಗಿತ್ತು.

ಯಕ್ಷಗಾನದವರು ಭಾಗವತರನ್ನು ‘ಮೊದಲನೆಯ ವೇಷ’ ಎನ್ನುತ್ತಾರೆ. ಬಣ್ಣವಿಲ್ಲ, ಕಿರೀಟವಿಲ್ಲ. ಆದರೂ ಮೊದಲ ವೇಷ ಅವರದೇ, ಏಕೆಂದರೆ ಪ್ರಸಂಗವೆಲ್ಲ ನಡೆಯುವುದು ಅವರ ಸೂಚನೆಯಲ್ಲಿ. ಆದರೆ ಯಕ್ಷಗಾನದ ಚಿತ್ರ ಬರೆಯಿರಿ ಎಂದರೆ ಕಲಾವಿದರೆಲ್ಲ ಬರೆಯುವುದು ಕಿರೀಟವನ್ನು, ಬಣ್ಣದ ವೇಷದ ಚುಟ್ಟಿಯನ್ನು, ಹಾರುವ ಪುಂಡುವೇಷವನ್ನು. ಸರಕಾರಿ ಕಚೇರಿಯ ಗೋಡೆಯಲ್ಲೂ ಹೋಟೆಲಿನ ಗೋಡೆಯಲ್ಲೂ ಅದೇ. ಹಾಡುವವರು ಚಿತ್ರದ ಹೊರಗೆ ಉಳಿದಿದ್ದಾರೆ.

ಹಿಂದಿನವರ ಮುಖಗಳಂತೂ ಹೋಗಿಯೇ ಬಿಟ್ಟವು. ಕುಂಬಳೆಯ ಪಾರ್ತಿಸುಬ್ಬ ತೆಂಕುತಿಟ್ಟಿನ ಆದಿಪುರುಷನೆಂದು ನಂಬಿಕೆ. ರಾಮಾಯಣದ ಪ್ರಸಂಗಗಳು ಅವನವೇ ಎಂದು ಮುಳಿಯ ತಿಮ್ಮಪ್ಪಯ್ಯನವರು ವಾದಿಸಿದರು. ಶಿವರಾಮ ಕಾರಂತರು ಒಪ್ಪಲಿಲ್ಲ. ಒಬ್ಬ ಹಾಡುಗಾರನಿಗಾಗಿ ವಿದ್ವಾಂಸರು ಇಷ್ಟು ಕಾಲ ವಾದ ಮಾಡಿದ್ದು ಅವನ ಹೆಸರಿಗೆ ನಾಡಿನ ಅಭಿಮಾನ ಅಂಟಿಕೊಂಡಿದ್ದರಿಂದ. 1956ರಲ್ಲಿ ಅವನ ಕುಂಬಳೆ ಕೇರಳಕ್ಕೆ ಸೇರಿತು. ಅವನ ಪದಗಳಿಗೆ ಆ ಗಡಿ ಇಲ್ಲ. ಅವು ಸುಳ್ಯದಲ್ಲೂ ಗಡಿಯಾಚೆಯ ಅಡೂರಿನಲ್ಲೂ ಒಂದೇ ರಾತ್ರಿ ಕೇಳಿಸುತ್ತವೆ.

ಪಾರ್ತಿಸುಬ್ಬನ ಮುಖ ಇಲ್ಲದ್ದಕ್ಕೆ ಕಾಲ ಕಾರಣ. ನಮ್ಮ ಕಣ್ಣೆದುರೇ ಹಾಡಿ ಹೋದವರ ವಿಷಯದಲ್ಲಿ ಆ ಕಾರಣ ಕೊಡಲಿಕ್ಕಾಗುವುದಿಲ್ಲ. ಸುರತ್ಕಲ್ ಮೇಳದ ದಿನಗಳಿಂದ ಮನೆಮಾತಾದ ಪದ್ಯಾಣ ಗಣಪತಿ ಭಟ್ಟರು 2021ರಲ್ಲಿ ತೀರಿಕೊಂಡರು. ಕಟೀಲು ಮೇಳದ ಭಾಗವತರಾಗಿ, ಐದು ದಿನದ ದೇವೀಮಹಾತ್ಮೆ ಪ್ರಸಂಗ ರಚಿಸಿದವರಾಗಿ, ತಮ್ಮ ಹೆಸರಿನ ಶೈಲಿಯನ್ನೇ ಉಳಿಸಿದ ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ತೆಂಕುತಿಟ್ಟಿನಲ್ಲಿ ವೃತ್ತಿನಿರತ ಭಾಗವತರಾಗಿ ಹಾಡಿದ ಮೊದಲ ಮಹಿಳೆ ಲೀಲಾವತಿ ಬೈಪಡಿತ್ತಾಯರು 2024ರಲ್ಲಿ ಹೋದರು. ಕೆಲವೇ ವರ್ಷಗಳಲ್ಲಿ ಮೂರು ಸ್ವರ ನಿಂತಿತು. ಧ್ವನಿಮುದ್ರಿಕೆಗಳು ಉಳಿದಿವೆ, ಅದು ನಮ್ಮ ಪುಣ್ಯ. ಫೋಟೋಗಳೂ ಬೇಕಾದಷ್ಟಿವೆ. ಆದರೆ ಆ ಫೋಟೋಗಳನ್ನು ಒಮ್ಮೆ ಗಮನವಿಟ್ಟು ನೋಡಿ. ನಮ್ಮ ಭಾಗವತರ ಹೆಚ್ಚಿನ ಫೋಟೋ ಸನ್ಮಾನದ್ದು: ಹೆಗಲಿಗೆ ಶಾಲು, ತಲೆಗೆ ಪೇಟ, ಕೈಯಲ್ಲಿ ಹಣ್ಣುಹಂಪಲಿನ ಹರಿವಾಣ, ಸುತ್ತ ಅತಿಥಿಗಳು. ಅಲ್ಲಿ ಅವರ ಮುಖದಲ್ಲಿರುವುದು ಸಂಕೋಚ. ಅವರನ್ನು ಅವರನ್ನಾಗಿ ಮಾಡಿದ ಮುಖ ಅದಲ್ಲ.

ಅವರ ನಿಜವಾದ ಮುಖ ಹೇಗಿರುತ್ತದೆ? ರಾತ್ರಿ ಎರಡು ಗಂಟೆ, ವೀರರಸದ ಏರುಪದ. ಕೆಂಪು ಮುಂಡಾಸಿನ ಅಂಚಿನಲ್ಲಿ ಬೆವರು. ಕುತ್ತಿಗೆಯ ನರ ಉಬ್ಬಿದೆ. ಬಾಯಿ ತೆರೆದಿದೆ, ಕಣ್ಣು ಸಭೆಯ ಮೇಲಿಲ್ಲ. ಅದು ವೇಷಧಾರಿಯ ಕಾಲಿನ ಮೇಲೆ, ಅವನ ಉಸಿರಿನ ಮೇಲೆ ಇದೆ. ಅವನು ದಣಿದಿದ್ದಾನೆಯೇ, ಇನ್ನೊಂದು ಸುತ್ತು ತಡೆಯಬಲ್ಲನೇ ಎಂದು ನೋಡುತ್ತಲೇ ಪದ ಎತ್ತಬೇಕು. ಕೈಯಲ್ಲಿ ಜಾಗಟೆ, ಬೆರಳಿನಲ್ಲಿ ಕಾಲಪ್ರಮಾಣ. ಒಂದು ಕಿವಿ ಶ್ರುತಿಗೆ, ಇನ್ನೊಂದು ಚೆಂಡೆಗೆ. ಮುಂದಿನ ಪದ್ಯ ನಾಲಿಗೆಯ ಹಿಂದೆ ಕಾದಿದೆ. ಈ ಎಲ್ಲವೂ ಒಂದೇ ಮುಖದಲ್ಲಿ ಒಂದೇ ಕ್ಷಣದಲ್ಲಿ ನಡೆಯುತ್ತದೆ. ಕ್ಯಾಮರಾ ಇದರಲ್ಲಿ ಒಂದು ನಿಮಿಷಾರ್ಧವನ್ನು ಹಿಡಿಯಬಹುದು. ಇಡೀ ರಾತ್ರಿ ಎದುರು ಕುಳಿತು ನೋಡಿದ ಚಿತ್ರಕಾರನೊಬ್ಬ ಆ ರಾತ್ರಿಯನ್ನೆಲ್ಲ ಒಂದು ಮುಖದಲ್ಲಿ ಕೂಡಿಸಿ ಬರೆಯಬಲ್ಲ. ದೆಲಾಕ್ರುವಾ ಮಾಡಿದ್ದು ಅದನ್ನೇ. ನಮ್ಮದೇ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ತಾಳ, ಲಯಗಳನ್ನು ಒಳಗಿನಿಂದ ತಿಳಿಯಲೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿ, ಹಾಡಿನಂತೆ ಹರಿಯುವ ರೇಖೆಯನ್ನು ಸಾಧಿಸಿದರು. ಇಂಥ ಕೆಲಸಕ್ಕೆ ಬೇಕಾದ ಕಣ್ಣು ಈ ಕರಾವಳಿಯಲ್ಲಿ ಹುಟ್ಟಿದೆ.

5. ಚೋಮನ ಮುಖ

ಪುತ್ತೂರಿನಲ್ಲಿ ನಿಂತು ಈ ವಿಷಯ ಮಾತಾಡುವಾಗ ಕಾರಂತರನ್ನು ದಾಟಿ ಹೋಗಲಿಕ್ಕಿಲ್ಲ.

ಕೋಟದಲ್ಲಿ ಹುಟ್ಟಿದ ಅವರು ಬದುಕಿನ ಬಹುದೊಡ್ಡ ಭಾಗವನ್ನು ಇಲ್ಲಿ ಕಳೆದರು, ಇಲ್ಲಿಯೇ ಬಾಲವನ ಕಟ್ಟಿದರು. ಕನ್ನಡದಲ್ಲಿ ಚಿತ್ರಕಲೆಯ ಬಗ್ಗೆ ಮೊದಮೊದಲು ಪುಸ್ತಕ ಬರೆದವರಲ್ಲಿ ಅವರೊಬ್ಬರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿಗೆ ಬಹಳ ಮೊದಲು, 1933ರಲ್ಲಿ, ಅವರು ಅಕ್ಷರಗಳಲ್ಲಿ ಒಬ್ಬ ವಾದ್ಯಗಾರನ ಭಾವಚಿತ್ರ ಬರೆದರು. ಅದು ‘ಚೋಮನ ದುಡಿ’.

ಚೋಮ ಜೀತದಲ್ಲಿರುವ ದಲಿತ. ಸ್ವಂತ ಬೇಸಾಯ ಮಾಡಬೇಕೆಂಬುದು ಅವನ ಒಂದೇ ಆಸೆ. ಹುಟ್ಟಿನ ಕಾರಣಕ್ಕೆ ಅದು ಅವನಿಗೆ ದಕ್ಕುವುದಿಲ್ಲ. ಸಿಟ್ಟು ಬಂದಾಗ, ದುಃಖ ಬಂದಾಗ, ಸಂತೋಷ ಬಂದಾಗ ಅವನು ದುಡಿ ಬಾರಿಸುತ್ತಾನೆ. ಆಸ್ಥಾನದ ವಿದ್ವಾಂಸನ ವೀಣೆಗೂ ದಾಸರ ತಂಬೂರಿಗೂ ಸಿಕ್ಕಿದ ಗೌರವವನ್ನು ಕಾರಂತರು ಗುಡಿಸಲ ದುಡಿಗೆ ಕೊಟ್ಟರು. ಈ ನೆಲದ ಸಂಗೀತ ಅಂದರೆ ಇದೂ ಹೌದು ಎಂದರು. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಚಲನಚಿತ್ರ ಮಾಡಿದಾಗ ಎಂ.ವಿ. ವಾಸುದೇವ ರಾವ್ ಚೋಮನಾದರು, ರಾಷ್ಟ್ರದ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಅಂದಿನಿಂದ ಚೋಮನಿಗೂ ಒಂದು ಮುಖ ಬಂತು.

ಯಾಂಕಿಯೆಲ್‌ನ ಬಗ್ಗೆ ಹೇಳಿದ ಮಾತನ್ನು ಇಲ್ಲಿ ಜೋಡಿಸಬೇಕು. ಕಾದಂಬರಿ ನಮ್ಮ ಹೆಮ್ಮೆ. ಆದರೆ ಚೋಮನ ಕತೆಯನ್ನು ಪಠ್ಯದಲ್ಲಿ ಓದಿದ ನಾಡು ಚೋಮನಂಥವರ ಹೆಸರನ್ನು ಎಲ್ಲಿ ಬರೆದಿಟ್ಟಿದೆ? ದುಡಿ, ಡೋಲು, ತೆಂಬರೆ ಬಾರಿಸಿದ ಕೈಗಳ ಹೆಸರೇನು? ನೇಜಿ ನೆಡುವಾಗ ಉದ್ದುದ್ದ ಪಾಡ್ದನಗಳನ್ನು ನೆನಪಿನಿಂದಲೇ ಹಾಡಿದ ಹೆಂಗಸರ ಚಿತ್ರ ಯಾವ ಗೋಡೆಯಲ್ಲಿದೆ? ನೇಮಕ್ಕೆ ವಾದ್ಯ ನುಡಿಸಿದವರು ದೈವದ ಅಂಗಳದ ಆಚೆಯೇ ನಿಂತರು, ಚಿತ್ರದ ಆಚೆಯೂ ನಿಂತರು. ಜಗನ್ಮೋಹನದ ಹನ್ನೊಂದು ಮಂದಿಗೆ ಮುಖವಿತ್ತು, ಹೆಸರಿರಲಿಲ್ಲ. ಇವರಿಗೆ ಎರಡೂ ಇಲ್ಲ. ಭಾಗವತರ ಭಾವಚಿತ್ರ ಬರೆಸಿ ಇವರನ್ನು ಬಿಟ್ಟರೆ ಹಳೆಯ ತಪ್ಪನ್ನು ಹೊಸ ಬಣ್ಣದಲ್ಲಿ ಮತ್ತೆ ಮಾಡಿದಂತಾಗುತ್ತದೆ.

6. ಮಾಡಬಹುದಾದ ಕೆಲಸ

ಪೋಲೆಂಡಿನಲ್ಲಿ ದಂಗೆ ಎದ್ದ ಏಳು ವರ್ಷಕ್ಕೆ, 1837ರಲ್ಲಿ, ಇದೇ ಸುಳ್ಯದ ರೈತರು ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು ಮಂಗಳೂರಿನವರೆಗೆ ನಡೆದರು. ಆ ಹೋರಾಟದ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ನಿಂತಿತು. ಎಷ್ಟೋ ವರ್ಷ ಪಾಠಪುಸ್ತಕದ ಹೊರಗಿದ್ದ ಹೋರಾಟಕ್ಕೆ ಜನರ ಪ್ರಯತ್ನದಿಂದ ಒಂದು ರೂಪ ಬಂತು. ಹೋರಾಡಿದವರಿಗೆ ಮಾಡಿದ್ದನ್ನು ಹಾಡಿದವರಿಗೂ ಮಾಡಬಹುದು. ಹೆಚ್ಚಿನವರ ಮುಖ ಇನ್ನೂ ನಮ್ಮ ಎದುರಿಗೇ ಇದೆ, ಕಲ್ಪಿಸಿಕೊಳ್ಳಬೇಕಾದ ಕಷ್ಟವೂ ಇಲ್ಲ.

ನನ್ನ ಕೋರಿಕೆ ಇಷ್ಟು. ಪುತ್ತೂರು, ಸುಳ್ಯ, ಕಡಬದ ಹಾಡುವವರ, ನುಡಿಸುವವರ ಭಾವಚಿತ್ರಗಳನ್ನು ಅವರನ್ನು ಎದುರಿಗೆ ಕೂರಿಸಿಕೊಂಡೇ ಬರೆಸೋಣ. ಫೋಟೋ ನೋಡಿ ನಕಲು ಮಾಡಿದ್ದು ಬೇಡ. ಕಲಾವಿದ ಆಟಕ್ಕೆ ಹೋಗಲಿ, ಕೂಟಕ್ಕೆ ಹೋಗಲಿ, ಗದ್ದೆಗೆ ಹೋಗಲಿ, ಕೇಳಲಿ, ಆಮೇಲೆ ಬರೆಯಲಿ. ಶಾಲು ಪೇಟಗಳ ಮುಖ ಬೇಡ, ಹಾಡುವ ಮುಖವೇ ಇರಲಿ. ಪಟ್ಟಿಯಲ್ಲಿ ಭಾಗವತರ ಜೊತೆಗೆ ಚೆಂಡೆ ಮದ್ದಳೆಯವರಿರಲಿ, ಸಂಗೀತ ಪಾಠ ಹೇಳಿಕೊಟ್ಟ ಗುರುಗಳಿರಲಿ, ಪಾಡ್ದನದ ಅಜ್ಜಿಯಂದಿರು, ದೇವಸ್ಥಾನ ದೈವಸ್ಥಾನಗಳ ವಾದ್ಯದವರು, ದುಡಿ ಡೋಲಿನವರು ಇರಲಿ. ಯಾರನ್ನು ಬರೆಯಬೇಕೆಂದು ಊರಿನವರೇ ಹೇಳಲಿ.

ಚಿತ್ರದ ಹಿಂಬದಿಯಲ್ಲಿ ಹಾಡಿದವರ ಹೆಸರು, ಬರೆದವರ ಹೆಸರು, ಗ್ರಾಮ, ವರ್ಷ, ಅವರಿಗೆ ಬರುತ್ತಿದ್ದ ಪ್ರಸಂಗ ಅಥವಾ ಪಾಡ್ದನಗಳ ಹೆಸರು ಬರೆದಿಡಬೇಕು. ಪ್ರತಿಯೊಂದರ ಒಳ್ಳೆಯ ಛಾಯಾಪ್ರತಿ ಬೇರೆ ಕಡೆ ಇರಬೇಕು. ಮಿಯೆರೊಶೆವ್ಸ್ಕಿಯ ಚಿತ್ರ ಹೋದರೂ ಮುಖ ಉಳಿದದ್ದು ಇಂಥ ಎಚ್ಚರಿಕೆಯಿಂದ. ಅಚ್ಚುಪ್ರತಿಗಳು ಶಾಲೆಗಳಿಗೆ, ಗ್ರಾಮ ಗ್ರಂಥಾಲಯಗಳಿಗೆ, ಸಭಾಭವನಗಳಿಗೆ ಹೋಗಬೇಕು. ಮೂಲಚಿತ್ರಗಳಿಗೆ ಬಾಲವನಕ್ಕಿಂತ ಹೊಂದುವ ಜಾಗ ನನಗೆ ತೋಚುವುದಿಲ್ಲ. ನಮ್ಮ ಶಾಲೆಗಳ ಚಿತ್ರಕಲಾ ಶಿಕ್ಷಕರಲ್ಲಿ ಇದನ್ನು ಮಾಡಬಲ್ಲವರು ಇದ್ದಾರೆ. ಈ ದತ್ತಿಯಂಥ ನಿಧಿಗಳು ವರ್ಷಕ್ಕೊಂದು ಚಿತ್ರದ ಹೊಣೆ ಹೊತ್ತರೂ ಹತ್ತು ವರ್ಷಕ್ಕೆ ಒಂದು ಕೊಠಡಿ ತುಂಬುತ್ತದೆ.

ಕೊನೆಯದಾಗಿ ಒಂದು ಮಾತು. ಬರೆಸಿಕೊಂಡವರಿಗೆ ಚಿತ್ರದಿಂದ ಹೊಟ್ಟೆ ತುಂಬುವುದಿಲ್ಲ. ಮುಪ್ಪಿನಲ್ಲಿ ಔಷಧಿಗೆ, ಮನೆಗೆ, ಮಕ್ಕಳ ಓದಿಗೆ ನೆರವಾಗುವ ಕೆಲಸ ಇದರ ಜೊತೆಗೇ ನಡೆಯಬೇಕು. ಹಾಗೆ ನಡೆದರೆ ಮಾತ್ರ ಆ ಮುಖವನ್ನು ನಮ್ಮ ಮುಖವೆಂದು ಹೇಳಿಕೊಳ್ಳುವ ಹಕ್ಕು ನಮಗೆ ಬರುತ್ತದೆ. ರಾಜ್ಯ ಇಲ್ಲದ ಕಾಲದಲ್ಲಿ ಪೋಲೆಂಡಿನ ಜನ ತಮ್ಮ ಸಂಗೀತಗಾರನ ಚಿತ್ರವನ್ನು ಕಾದುಕೊಂಡರು. ನಮಗೆ ರಾಜ್ಯ ಸಿಕ್ಕಿ ಎಪ್ಪತ್ತು ವರ್ಷ ಸಮೀಪಿಸಿತು. ಇಲ್ಲಿ ಕನ್ನಡವನ್ನೂ ತುಳುವನ್ನೂ ಉಳಿಸಿದ ಕಂಠಗಳ ಚಿತ್ರ ಬರೆಯಿಸುವುದು ನಮ್ಮ ಸಾಮರ್ಥ್ಯಕ್ಕೆ ಮೀರಿದ್ದೇನೂ ಅಲ್ಲ. ಮುಂದಿನ ವರ್ಷ ಈ ದತ್ತಿಯ ಕಾರ್ಯಕ್ರಮ ನಡೆಯುವಾಗ ಮೊದಲ ಚಿತ್ರ ಈ ಸಭೆಯಲ್ಲಿ ಅನಾವರಣಗೊಳ್ಳಲಿ ಎಂದು ಪ್ರಾರ್ಥಿಸುತ್ತೇನೆ. ಅದಕ್ಕೆ ನನ್ನಿಂದಾಗುವ ಕೆಲಸ ಮಾಡಲು ನಾನು ಸಿದ್ಧ.